ಬಿಲ್ಡ್ ಎಲ್ಲಿ ಕಾಯುತ್ತಿದೆ?

ಬಿಲ್ಡ್ ಮುಗಿಯಲು ತಡವಾದರೆ ಹೊಸ ಕಂಪ್ಯೂಟರ್ ಕೊಳ್ಳುವ ಮಾತು ಬೇಗ ಬರುತ್ತದೆ. ಅದಕ್ಕೂ ಮುನ್ನ, ಲಿನಕ್ಸ್ ಬಳಸುವವರು ಬಿಲ್ಡ್ ಆದೇಶದ ಮೊದಲಿಗೆ ‘ಟೈಮ್’ ಎಂದು ಸೇರಿಸಿ ಓಡಿಸಿ. ಕೊನೆಯಲ್ಲಿ ರಿಯಲ್, ಯೂಸರ್, ಸಿಸ್ ಎಂಬ ಮೂರು ಸಾಲು ಬರುತ್ತವೆ. ರಿಯಲ್ ಎಂದರೆ ಗಡಿಯಾರದಲ್ಲಿ ಕಳೆದ ಸಮಯ. ಉಳಿದೆರಡು ಪ್ರೊಸೆಸರ್ ನಿಜಕ್ಕೂ ದುಡಿದ ಸಮಯ. ಎಂಟು ಕೋರ್‌ಗಳ ಯಂತ್ರದಲ್ಲಿ ಎಂಟು ಕೆಲಸ ಒಟ್ಟಿಗೆ ನಡೆದಿದ್ದರೆ ದುಡಿದ ಸಮಯ ರಿಯಲ್‌ನ ಹಲವು ಪಟ್ಟು ಇರಬೇಕು. ಹೆಚ್ಚುಕಡಿಮೆ ಸಮ ಎಂದಾದರೆ ಬಿಲ್ಡ್ ನಡೆಸುವ ‘ಮೇಕ್’ಗೆ ಹಲವು ಕೆಲಸ ಒಟ್ಟಿಗೆ ನಡೆಸುವ ಜೆ ಆಯ್ಕೆ ಕೊಟ್ಟಿಲ್ಲ ಎಂದೇ ಅರ್ಥಮಾಡಿಕೊಳ್ಳಬಹುದು. ರಿಯಲ್‌ಗಿಂತ ತೀರಾ ಕಡಿಮೆ ಬಂದರೆ ಡಿಸ್ಕ್ ಕಾಯಿಸುತ್ತಿರುವ ಸಂಭವವೇ ಹೆಚ್ಚು.

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಅರ್ಧ ಸುತ್ತಿಗೇ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ಸಾವಿರಾರು ಸಣ್ಣ ಹೆಡರ್ ಕಡತಗಳನ್ನು ಓದುವ ಕೆಲಸಕ್ಕೆ ಎಸ್‌ಎಸ್‌ಡಿ ಬೇಕೇ ಬೇಕು.

ರ್‍ಯಾಮ್ ವಿಷಯ ಸ್ವಲ್ಪ ಸೂಕ್ಷ್ಮ. ಬಿಲ್ಡ್ ನಡೆಯುವಾಗ ಇನ್ನೊಂದು ಟರ್ಮಿನಲ್‌ನಲ್ಲಿ ‘ವಿಎಂಸ್ಟ್ಯಾಟ್ 1’ ಓಡಿಸಿ. ಎಸ್‌ಐ, ಎಸ್‌ಒ ಕಾಲಂಗಳಲ್ಲಿ ಸೊನ್ನೆ ಹೋಗಿ ದೊಡ್ಡ ಅಂಕಿಗಳು ಬರುತ್ತಲೇ ಇದ್ದರೆ ಯಂತ್ರ ಸ್ವ್ಯಾಪ್‌ಗೆ ಇಳಿದಿದೆ. ಟೆಂಪ್ಲೇಟ್ ತುಂಬಿದ ಒಂದು ಸಿ++ ಕಡತವೇ 1 ಜಿಬಿಗಿಂತ ಹೆಚ್ಚು ಮೆಮೊರಿ ಕೇಳಬಹುದು. 8 ಜಿಬಿ ಇರುವ ಕಡೆ ಅಂಥ ಎಂಟನ್ನು ಒಟ್ಟಿಗೆ ಬಿಡುವುದಕ್ಕಿಂತ ನಾಲ್ಕು ಬಿಟ್ಟರೆ ಬೇಗ ಮುಗಿಯುತ್ತದೆ.

ಇಷ್ಟಾದ ಮೇಲೆ ನನಗೆ ಅತ್ಯಂತ ಪ್ರಿಯವಾದ ಸಾಧನ ಸಿಕ್ಯಾಷ್‌ನ ಮಾತು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ‘ಮೇಕ್’ ನೋಡುವುದು ಕಡತ ಬದಲಾದ ಹೊತ್ತನ್ನು ಮಾತ್ರ. ಗಿಟ್‌ನಲ್ಲಿ ಬೇರೆ ಬ್ರಾಂಚ್‌ಗೆ ಹೋಗಿ ವಾಪಸು ಬಂದಿರಿ ಅನ್ನಿ. ಮಧ್ಯೆ ಬದಲಾಗಿದ್ದ ಹೆಡರ್ ಮತ್ತೆ ಮೊದಲಿನಂತೆಯೇ ಆಗಿರುತ್ತದೆ, ಒಂದಕ್ಷರವೂ ವ್ಯತ್ಯಾಸವಿಲ್ಲ. ಆದರೂ ಅದರ ಸಮಯ ಹೊಸದು, ಹಾಗಾಗಿ ಅದನ್ನು ನೆಚ್ಚಿದ ಕಡತಗಳೆಲ್ಲ ಪುನಃ ಕಂಪೈಲ್ ಆಗುತ್ತವೆ. ಸಾಂಬಾ ಖ್ಯಾತಿಯ ಆಂಡ್ರ್ಯೂ ಟ್ರಿಡ್ಜೆಲ್ ಶುರುಮಾಡಿದ ಸಿಕ್ಯಾಷ್ ಮಾತ್ರ ಕಡತದ ಒಳಗಿನ ಪಠ್ಯ, ಕಂಪೈಲರ್, ಆಯ್ಕೆಗಳು ಇಷ್ಟನ್ನೂ ಸೇರಿಸಿ ಹ್ಯಾಷ್ ಮಾಡುತ್ತದೆ. ಹಿಂದೆ ಅದೇ ಹ್ಯಾಷ್ ಕಂಡಿದ್ದರೆ ಕಂಪೈಲರನ್ನು ಎಬ್ಬಿಸದೆ ಹಳೆಯ ಆಬ್ಜೆಕ್ಟ್ ಕಡತವನ್ನೇ ಕೊಡುತ್ತದೆ. ಎಷ್ಟು ವೇಗದ ಪ್ರೊಸೆಸರ್ ತಂದರೂ ಇದಕ್ಕೆ ಸಮವಾಗದು.

ಮೊದಲ ಬಿಲ್ಡ್‌ನಲ್ಲಿ ಲಾಭ ಕಾಣದು, ತುಸು ನಿಧಾನವೂ ಆದೀತು, ಎರಡನೆಯದರಲ್ಲಿ ನೋಡಿ. ಉಳಿಸಿಡುವ ಜಾಗಕ್ಕೆ ಮೊದಲೇ ಹಾಕಿರುವ ಮಿತಿ 5 ಜಿಬಿ. ದೊಡ್ಡ ಪ್ರಾಜೆಕ್ಟ್ ಇದ್ದವರು ಅದನ್ನು 20ಕ್ಕೆ ಏರಿಸಿಕೊಳ್ಳಿ.