ಬಡತನದ ಲೆಕ್ಕ, ಬಂಧುತ್ವದ ಲೆಕ್ಕ

೧೯೬೫ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಡೇನಿಯಲ್ ಮೊಯ್ನಿಹನ್ ಅವರು ಕಪ್ಪುಜನರ ಬಡತನವನ್ನು ಕುರಿತು ವರದಿಯೊಂದನ್ನು ಬರೆದರು. ಗುಲಾಮಗಿರಿ, ನಿರುದ್ಯೋಗಗಳನ್ನು ಹೇಳಿದರೂ ಕುಟುಂಬದ ಶಿಥಿಲತೆಯನ್ನೇ ಅವರು ಕೇಂದ್ರಕ್ಕೆ ತಂದರು. ಗಂಡನಿಲ್ಲದ ಮನೆ ಒಡೆದ ಮನೆ ಎಂಬುದೇ ಅಲ್ಲಿಯ ಅಳತೆಗೋಲು. ಮಾನವಶಾಸ್ತ್ರಜ್ಞೆ ಕ್ಯಾರೊಲ್ ಸ್ಟ್ಯಾಕ್ ಅವರ ‘ಆಲ್ ಅವರ್ ಕಿನ್’ (೧೯೭೪) ಆ ಅಳತೆಗೋಲನ್ನೇ ಮುರಿಯುತ್ತದೆ. ಕೂಡುಕುಟುಂಬವನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದು ಅಷ್ಟೇನೂ ಹೊಸತೆನಿಸದು.

ಗ್ರಂಥದ ತಿರುಳು ಒಂದು ಪ್ರಸಂಗದಲ್ಲಿದೆ. ದಂಪತಿಗಳಿಗೆ ಬಂಧುವೊಬ್ಬನ ಆಸ್ತಿಯಿಂದ ೧೫೦೦ ಡಾಲರು ದೊರೆಯಿತು. ಮನೆ ಕೊಳ್ಳುವ ಆಸೆ ಮೂಡಿತು. ಆದರೆ ನಂಟರ ಬಾಡಿಗೆ, ಶವಸಂಸ್ಕಾರದ ಪ್ರಯಾಣ, ಮಕ್ಕಳ ಉಡುಪು, ಹೀಗೆ ಹಣವೆಲ್ಲ ಒಂದೂವರೆ ತಿಂಗಳಲ್ಲಿ ಕರಗಿತು. ಸುದ್ದಿ ತಿಳಿದ ಸಹಾಯಧನದ ಕಚೇರಿಯು ಮಕ್ಕಳ ನೆರವನ್ನು ನಿಲ್ಲಿಸಿತು. ಇದನ್ನು ದುಂದುಗಾರಿಕೆಯೆನ್ನಲು ನಾವು ಒಪ್ಪೆವು. ಇಂದು ಕೊಟ್ಟವರಿಗೆ ನಾಳೆ ಕೇಳುವ ಹಕ್ಕುಂಟು; ಅವರಿಗಿದ್ದ ವಿಮೆ ಅದೊಂದೇ.

ಆದರೂ ಕೊರತೆಯೊಂದನ್ನು ಹೇಳಲೇಬೇಕು. ಹಂಚಿಕೊಳ್ಳುವ ಬಗೆಯನ್ನು ಇಷ್ಟು ಹತ್ತಿರದಿಂದ ಕಂಡ ಲೇಖಕಿ, ದಕ್ಷಿಣದ ಹೊಲಗಳನ್ನು ಬಿಟ್ಟು ಬಂದವರಿಗೆ ಉದ್ಯೋಗದ ಬಾಗಿಲುಗಳು ಹೇಗೆ ಮುಚ್ಚಿದುವೆಂಬುದಕ್ಕೆ ಅಷ್ಟು ಪುಟಗಳನ್ನು ಕೊಡಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಕಂಡೊಡನೆ ನೆರವನ್ನು ಕಡಿಯುವ ನಿಯಮವನ್ನು ಪ್ರಶ್ನಿಸಲು ಈ ಗ್ರಂಥವು ಸಾಕು. ಕೂಲಿ, ವಸತಿ, ಸಾಲಗಳಲ್ಲಿನ ವರ್ಣಭೇದವನ್ನು ಅರಿಯಬೇಕಾದರೆ ಕಾರ್ಖಾನೆಯ ಹಾಜರಿಪಟ್ಟಿಯನ್ನೂ ಬ್ಯಾಂಕಿನ ಕಡತವನ್ನೂ ನಾವು ತೆರೆಯಬೇಕಾಗುತ್ತದೆ.