ಡಾಲರು ಕರಗಿ ಬಂದ ರೂಪಾಯಿ

ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆ ಚಿನ್ನಬೆಳ್ಳಿ ಅಂಗಡಿಯಲ್ಲಿ ಹಳೇ ಬೆಳ್ಳಿ ರೂಪಾಯಿಗೆ ಬೆಲೆ ಕಟ್ಟುವ ರೀತಿ ಹೆಚ್ಚುಕಡಿಮೆ ಒಂದೇ. ಗಿರಾಕಿ ಸೆರಗಿನ ಗಂಟು ಬಿಚ್ಚಿದರೆ ಅಂಗಡಿಯವರು ಇದ್ದದ್ದನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಹಾಕುತ್ತಾರೆ. ಆವತ್ತಿನ ದರ ನೋಡಿ, ವೇಸ್ಟೇಜ್ ಅಂತ ಒಂದಿಷ್ಟು ಮುರಿದುಕೊಂಡು ದುಡ್ಡು ಎಣಿಸುತ್ತಾರೆ. ಮೇಲಿರುವುದು ರಾಣಿಯ ತಲೆಯೋ ರಾಜನ ತಲೆಯೋ, ಇಸವಿ ಯಾವುದು, ತಿರುಗಿಸಿ ನೋಡುವವರು ಕಡಿಮೆ. ಇತ್ತ ನಾಣ್ಯ ಸಂಗ್ರಹದ ಹುಚ್ಚು ಹಿಡಿದ ಹುಡುಗರಿಗೆ ತಕ್ಕಡಿಯೇ ಬೇಡ. ಅವರು ಕಲಿತಿರುವುದು ಅಮೆರಿಕದ ಸಂಗ್ರಾಹಕರ ಶಾಸ್ತ್ರ. ನಾಣ್ಯದ ಅಂದಕ್ಕೆ ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು, ಆ ಅಂಕದ ಮೇಲೆ ಬೆಲೆ ಹೇಳುವುದು. ಈ ಎರಡು ರೀತಿಗಳೂ ನಮ್ಮ ಸೀಮೆಯ ರೂಪಾಯಿಯನ್ನು ಅರ್ಧ ಮಾತ್ರ ಓದುತ್ತವೆ ಎನ್ನುವುದು ನನ್ನ ತಕರಾರು.

ಮೊದಲು ತಕ್ಕಡಿಯ ಪರವಾಗಿ ನಾಲ್ಕು ಮಾತು. ತೂಗುವುದು ದಡ್ಡತನವಲ್ಲ. ಬ್ರಿಟಿಷ್ ರೂಪಾಯಿಯೇ ಒಂದು ತೂಕದ ಕಲ್ಲಾಗಿತ್ತು. ಒಂದು ರೂಪಾಯಿ ಎಂದರೆ ಒಂದು ತೊಲ, ಅಂದರೆ 11.66 ಗ್ರಾಂ. ಹಳೇ ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕದ್ದು. ಬೆಲ್ಲ, ಹುಣಸೆಹಣ್ಣು ಎಲ್ಲವನ್ನೂ ಇದೇ ಲೆಕ್ಕದಲ್ಲಿ ತೂಗಿದ ಊರುಗಳು ಇವು. ಮೈಸೂರಿನ ಟಂಕಸಾಲೆ 1843ರಲ್ಲಿ ಮುಚ್ಚಿದ ಮೇಲೆ ಇಲ್ಲಿ ಓಡಾಡಿದ ಬೆಳ್ಳಿಯೆಲ್ಲ ಕಂಪನಿಯದು, ಆಮೇಲೆ ರಾಣಿಯದು. 1889ರಲ್ಲಿ ಕಡೂರು, ಬೀರೂರು, ಅಜ್ಜಂಪುರದ ಮೇಲೆ ರೈಲು ಹಾದುಹೋಯಿತು. ಅಡಿಕೆ, ತೆಂಗು ದೂರದ ಪೇಟೆಗೆ ಹೋದಂತೆಲ್ಲ ಆ ಬೆಳ್ಳಿ ಊರೊಳಗೆ ಬಂದು ಕೂತಿತು. ಬ್ಯಾಂಕಿಲ್ಲದ ಕಾಲದಲ್ಲಿ ರೈತನ ಉಳಿತಾಯವೂ ಅದೇ, ಹೆಂಡತಿಯ ಒಡವೆಯೂ ಅದೇ.

ಲೆಕ್ಕ ಸರಳ. ಆ ರೂಪಾಯಿಯಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಗ್ರಾಮಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ ಒಂದು ನಾಣ್ಯಕ್ಕೆ 1,069 ರೂಪಾಯಿ. ಸವೆದಿದ್ದರೆ ಅಷ್ಟು ಕಡಿಮೆ. ಇದರಲ್ಲಿ ಮೋಸಕ್ಕೆ ಜಾಗ ಕಡಿಮೆ. ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನ್ ಮಾಡುವವರ ಮುಂದೆ ಈ ತಕ್ಕಡಿ ಸಾವಿರ ಪಾಲು ಮೇಲು. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯ, ನೋಟಿನ ವ್ಯವಹಾರ ಮಾಡುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಬೇಕಾಯಿತು.

ಆದರೆ ತಕ್ಕಡಿಗೆ ಕಣ್ಣಿಲ್ಲ. 1940ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಉಳಿದದ್ದು ತಾಮ್ರ, ನಿಕ್ಕಲ್, ಸತುವು. ತೂಕ ಮಾತ್ರ ಹಾಗೇ ಇತ್ತು. ಇಸವಿ ನೋಡದೆ ಗಂಟಿನಲ್ಲಿ ಬೆರೆಸಿ ತೂಗಿದರೆ ಅಂಗಡಿಯವರಿಗೆ ನಷ್ಟ. ಆ ನಷ್ಟದ ಹೆದರಿಕೆಗೆ ಎಲ್ಲದಕ್ಕೂ ಕಡಿಮೆ ದರ ಹಾಕಿದರೆ ಮಾರಲು ಬಂದವಳಿಗೆ ನಷ್ಟ. 1947ರ ಹುಲಿಯ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್, ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟುತ್ತದೆ. ಬೆಳ್ಳಿ ಎಂದು ದೇವರ ಮನೆಯಲ್ಲಿ ಇಟ್ಟುಕೊಂಡವರಿಗೆ ಇದನ್ನು ತೋರಿಸುವುದು ಸ್ವಲ್ಪ ಕಷ್ಟದ ಕೆಲಸ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು ದಿಕ್ಕಿನದು. 1939ರ ಆರನೇ ಜಾರ್ಜ್ ರೂಪಾಯಿ ಬಹಳ ಅಪರೂಪದ್ದು. ತಕ್ಕಡಿ ಅದನ್ನೂ 1919ರದನ್ನೂ ಒಂದೇ ದರದಲ್ಲಿ ನುಂಗಿಬಿಡುತ್ತದೆ. 1911ರ ರೂಪಾಯಿಯ ಕಥೆಯಂತೂ ಸೊಗಸು. ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಅಚ್ಚು ಕೆತ್ತಿದವನ ಕೈಯಲ್ಲಿ ಸೊಂಡಿಲು ಮೊಂಡಾಗಿ ಅದು ಹಂದಿಯ ಹಾಗೆ ಕಂಡಿತು. ಜನ ರೇಗಿದರು, ಸರ್ಕಾರ ಅವನ್ನು ವಾಪಸು ತರಿಸಿ ಕರಗಿಸಿತು, 1912ರಿಂದ ಸೊಂಡಿಲು ತಿದ್ದಿದ ಅಚ್ಚು ಬಂತು. ತಪ್ಪಿಸಿಕೊಂಡು ಉಳಿದದ್ದಕ್ಕೆ ಈಗ ಸಂಗ್ರಾಹಕರು ಮುಗಿಬೀಳುತ್ತಾರೆ. ಅಜ್ಜಂಪುರದ ಅಮೃತಮಹಲ್ ಕೇಂದ್ರದ ಹರಾಜಿನಲ್ಲಿ ಹೋರಿಕರುವಿನ ಸುಳಿ, ಕೊಂಬು, ಗೊರಸು ನೋಡದೆ ಕೂಗುವವರಿಲ್ಲ. ಅದೇ ಜನ ರೂಪಾಯಿಯನ್ನು ಮಾತ್ರ ಮಾಂಸದ ಲೆಕ್ಕದಲ್ಲಿ ಬಿಟ್ಟುಕೊಡುತ್ತಾರೆ.

ಅಮೆರಿಕದ ಮಾತು ಬಂದದ್ದಕ್ಕೆ ಕಾರಣ ಬರೀ ಅಂಕದ ಶಾಸ್ತ್ರವಲ್ಲ. ನಮ್ಮ ಹೆಂಗಸರ ಕೊರಳಿನ ರೂಪಾಯಿಗಳಲ್ಲಿ ಬಹಳಷ್ಟು ಅಮೆರಿಕದ ಬೆಳ್ಳಿಯವು. ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಸೆಣಬು, ಧಾನ್ಯ, ಚರ್ಮ ಹೇರಳವಾಗಿ ಹೋಯಿತು, ಬದಲಿಗೆ ಕೊಡಲು ಬೆಳ್ಳಿ ಸಾಲಲಿಲ್ಲ. 1917ರ ಕೊನೆಗೆ ಒಂದು ರೂಪಾಯಿ ನೋಟು, ಮರುವರ್ಷ ಎರಡೂವರೆ ರೂಪಾಯಿ ನೋಟು ಹೊರಟವು. ಜನ ಕಾಗದ ನಂಬಲಿಲ್ಲ. 1918ರಲ್ಲಿ ಮುಂಬಯಿಯಲ್ಲಿ ನೋಟು ಕೊಟ್ಟು ಬೆಳ್ಳಿ ಕೇಳುವವರ ನೂಕುನುಗ್ಗಲು. ಬ್ರಿಟನ್ ಅಮೆರಿಕದ ಮುಂದೆ ಕೈಯೊಡ್ಡಿತು. ಆ ಏಪ್ರಿಲಿನಲ್ಲಿ ನೆವಾಡದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯ್ದೆ ಪಾಸಾಯಿತು. ಅಮೆರಿಕದ ಖಜಾನೆಯಲ್ಲಿದ್ದ 27 ಕೋಟಿ ಬೆಳ್ಳಿ ಡಾಲರುಗಳು ಕುಲುಮೆಗೆ ಬಿದ್ದವು. ಅದರಲ್ಲಿ ಸುಮಾರು 25.9 ಕೋಟಿ ಡಾಲರಿನ ಬೆಳ್ಳಿ ಭಾರತದ ಪಾಲು. ಒಂದು ಡಾಲರಿನಲ್ಲಿ 24 ಗ್ರಾಂ ಚಿಲ್ಲರೆ ಶುದ್ಧ ಬೆಳ್ಳಿ. ಅಂದರೆ ಒಂದು ಡಾಲರು ಕರಗಿದರೆ ನಮ್ಮ ಎರಡೂಕಾಲು ರೂಪಾಯಿ. ಕಲ್ಕತ್ತೆ, ಮುಂಬಯಿ ಟಂಕಸಾಲೆಗಳು ಹಗಲು ರಾತ್ರಿ ಹೊಡೆದ 1918, 1919, 1920ರ ರೂಪಾಯಿಗಳು ಬಹುಮಟ್ಟಿಗೆ ಈ ಬೆಳ್ಳಿಯವು. ಇಂದಿಗೂ ನಮ್ಮ ಕಡೆ ಗಂಟು ಬಿಚ್ಚಿದರೆ ಹೆಚ್ಚಾಗಿ ಉದುರುವುದು ಇವೇ ಇಸವಿಗಳು. ಹಿಂಬದಿಯ ಕೆಳತುದಿಯ ತಾವರೆ ಹೂವಿನ ಕೆಳಗೆ ಚುಕ್ಕೆಯಿದ್ದರೆ ಮುಂಬಯಿ, ಇಲ್ಲದಿದ್ದರೆ ಕಲ್ಕತ್ತೆ.

ಹೀಗೆ ಹೇರಳವಾಗಿ ಸಿಗುವುದರಿಂದಲೇ ಸಂಗ್ರಾಹಕರ ಪಟ್ಟಿಯಲ್ಲಿ ಅವಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಇಲ್ಲ. ಅತ್ತ ಅಮೆರಿಕದಲ್ಲಿ ಕರಗದೆ ಉಳಿದ, ಮೋರ್ಗನ್ ಎಂದು ಕರೆಯುವ ಬೆಳ್ಳಿ ಡಾಲರುಗಳ ಪೈಕಿ ಕೆಲವು ಇಸವಿಗಳಿಗೆ ದೊಡ್ಡ ಬೆಲೆ. ಕರಗಿಸುವಾಗ ಯಾವ ಇಸವಿಯದು, ಯಾವ ಟಂಕಸಾಲೆಯದು ಎಷ್ಟು ಹೋಯಿತೆಂದು ಯಾರೂ ಬರೆದಿಡಲಿಲ್ಲ. ಅಲ್ಲಿನ ಅಪರೂಪಕ್ಕೆ ಒಂದು ಕಾರಣ ಆ ಕುಲುಮೆ. ಅವರ ಶಾಸ್ತ್ರದಲ್ಲಿ ಅಂಕ ಕೊಡುವವರು ಈ ಕಡೆಯ ಲೆಕ್ಕ ನೋಡುವುದಿಲ್ಲ. ನಾವೂ ಅವರ ಅಂಕವನ್ನು ಹಾಗೇ ಎತ್ತಿಕೊಂಡು ಬಂದು ನಮ್ಮ ರೂಪಾಯಿಗೆ ಹಚ್ಚುತ್ತೇವೆ.

ಹಚ್ಚಿದಾಗ ಏನಾಗುತ್ತದೆ ನೋಡಿ. ಕಡೂರು, ತರೀಕೆರೆ ಸೀಮೆಯ ಲಂಬಾಣಿ ತಾಂಡಾಗಳ ಹಿರಿಯ ಹೆಂಗಸರ ರೂಪಾಯಿ ಹಾರ ತೆಗೆದುಕೊಳ್ಳಿ. ಪ್ರತಿ ನಾಣ್ಯದ ನೆತ್ತಿಗೆ ಅಕ್ಕಸಾಲಿ ಒಂದು ಕೊಂಡಿ ಬೆಸೆದಿರುತ್ತಾನೆ. ಬೆಸುಗೆಯ ಬಿಸಿಗೆ ಕಿರೀಟದ ಮೇಲಿನ ಅಕ್ಷರ ಮಸುಕು. ಮೈಗೆ ಉಜ್ಜಿ ಉಜ್ಜಿ ರಾಜನ ಕೆನ್ನೆ, ಗಡ್ಡ ನುಣ್ಣಗಾಗಿವೆ. ಹಿಂಬದಿ ಮಾತ್ರ ದಾರದ ಮರೆಯಲ್ಲಿ ಇನ್ನೂ ಹೊಸದಾಗಿರುವುದುಂಟು. ಅಂಕದ ಶಾಸ್ತ್ರದಲ್ಲಿ ಇದು ಕೆಟ್ಟ ಮಾಲು. ನಮ್ಮ ಮನೆಗಳಲ್ಲಿ ಕಲಶದ ಮುಂದೆ ಇಟ್ಟ ರೂಪಾಯಿಯದೂ ಇದೇ ಗತಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ವಿಭೂತಿ, ಹುಣಸೆಹಣ್ಣು ಹಾಕಿ ತಿಕ್ಕಿದ ನಾಣ್ಯ ಫಳಫಳ ಹೊಳೆದರೂ ಸಂಗ್ರಾಹಕ ಮುಖ ಸಿಂಡರಿಸುತ್ತಾನೆ. ತಿಕ್ಕಿದ ಗೀರು ಭೂತಗನ್ನಡಿಯಲ್ಲಿ ಎದ್ದು ಕಾಣುತ್ತದೆ, ಬೆಲೆ ಇಳಿಯುತ್ತದೆ. ಅಪರೂಪದ ಇಸವಿಯ ನಾಣ್ಯ ಸಿಕ್ಕರೆ ತಿಕ್ಕಬೇಡಿ ಎಂಬ ಮಾತು ಸರಿಯೇ. ಆದರೆ 1918ರ ಸಾಮಾನ್ಯ ರೂಪಾಯಿಯನ್ನು ಯಾರೂ ಮುಟ್ಟದೆ ಇಟ್ಟಿದ್ದರೂ ಅದೊಂದು ಸಾಮಾನ್ಯ ರೂಪಾಯಿಯೇ. ಹಾರವಾದ ಮೇಲೆ ಅದಕ್ಕೆ ಊರಿದೆ, ಕೆಲಸ ಮಾಡಿದ ಕೈಯ ಗುರುತಿದೆ. ಅಂತಹ ಹಾರವನ್ನು ಬಿಡಿ ನಾಣ್ಯಗಳಾಗಿ ಕಿತ್ತು ಅಂಕ ಕೊಡುವುದು ತಪ್ಪು ವಿಮರ್ಶೆ. ಅದನ್ನು ಒಡವೆಯಾಗಿ ನೋಡಬೇಕು, ಬೆಲೆಯನ್ನೂ ಹಾಗೆ ಕಟ್ಟಬೇಕು. ಹಾಗೆ ಕಟ್ಟುವವರು ಇಲ್ಲದ್ದರಿಂದ ಹಾರಗಳು ಕರಗುತ್ತಿವೆ.

ಈಚೆಗೆ ಬೆಂಗಳೂರಿನ ದಾರಿಯಾಗಿ ಅಮೆರಿಕಕ್ಕೆ ಹೋದ ಮಕ್ಕಳು ರಜೆಗೆ ಬಂದಾಗ ಅಪ್ಪ ಅಮ್ಮನಿಗೆ ಬೆಳ್ಳಿ ಡಾಲರು ತರುವುದುಂಟು. ಹಳೇ ಮೋರ್ಗನ್ ತಂದಿದ್ದರೆ ಅದು 1921ರದಾಗಿರುವ ಸಂಭವ ಹೆಚ್ಚು. ಕರಗಿಸಿದ್ದನ್ನು ತುಂಬಿಕೊಡಬೇಕೆಂದು ಅದೇ ಪಿಟ್‌ಮನ್ ಕಾಯ್ದೆ ಹೇಳಿದ್ದರಿಂದ ಆ ಒಂದೇ ವರ್ಷ 8.6 ಕೋಟಿಗೂ ಮೀರಿ ಹೊಡೆದರು. ಅದಕ್ಕೂ ಬೆಳ್ಳಿಯ ಬೆಲೆಯೇ ಮುಖ್ಯ. ತೂಗಿ ನೋಡುವುದು ಒಳ್ಳೆಯದು, ನಕಲಿ ಮೋರ್ಗನ್‌ಗಳು ಬೇಕಾದಷ್ಟಿವೆ. 26.73 ಗ್ರಾಂ ಇರಬೇಕು, ಅಯಸ್ಕಾಂತಕ್ಕೆ ಅಂಟಬಾರದು. ಬದಲಿಗೆ ಅಜ್ಜಿಯ 1918ರ ರೂಪಾಯಿಯನ್ನು ಮೊಮ್ಮಗ ನೆನಪಿಗೆಂದು ಜೇಬಿನಲ್ಲಿ ಇಟ್ಟುಕೊಂಡು ವಿಮಾನ ಹತ್ತುವಂತಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಡಾಲರಾಗಿ ಬಂದ ಬೆಳ್ಳಿ ರೂಪಾಯಿಯಾಗಿ ವಾಪಸು ಹೋಗಲಾರದು. ತಕ್ಕಡಿಯಲ್ಲಿ ಹಾಕುವ ಮೊದಲು ಒಮ್ಮೆ ತಿರುಗಿಸಿ ಇಸವಿ ಓದುವ ಕೆಲಸವಾದರೂ ಇಲ್ಲಿಯೇ, ನಮ್ಮ ಅಂಗಡಿಯ ಗಲ್ಲಾದ ಮುಂದೆಯೇ ಆಗಬೇಕು.