ಮೊಂಜಾದ ಮೂರು ಪಾಯಿಂಟ್

ಫಾರ್ಮುಲಾ ಒನ್‌ನಲ್ಲಿ ತಂಡಕ್ಕೆ ಎರಡು ಕಾರು, ಚಾಂಪಿಯನ್ ಪಟ್ಟ ಮಾತ್ರ ಒಬ್ಬನಿಗೇ. ಈ ಇಕ್ಕಟ್ಟಿಗೆ ಫೆರಾರಿ ಹಿಂದೆ ಕಂಡುಕೊಂಡ ಮದ್ದು ಒರಟಾಗಿತ್ತು: 2002ರಲ್ಲಿ ಆಸ್ಟ್ರಿಯಾದಲ್ಲಿ ಮುಂದಿದ್ದ ಬಾರಿಚೆಲೊ ಕೊನೆಯ ಗೆರೆಯ ಹತ್ತಿರ ವೇಗ ತಗ್ಗಿಸಿ ಶುಮಾಕರ್‌ಗೆ ಗೆಲುವು ಬಿಟ್ಟುಕೊಟ್ಟ. ನೆರೆದ ಜನ ಛೀಮಾರಿ ಹಾಕಿದರು. ಮೆಕ್ಲಾರೆನ್ ಹಿಡಿದದ್ದು ಇದರ ತದ್ವಿರುದ್ಧ ದಾರಿ. ಲ್ಯಾಂಡೊ ನಾರಿಸ್, ಆಸ್ಕರ್ ಪಿಯಾಸ್ಟ್ರಿ ಇಬ್ಬರೂ ಸಮಾನರು. ಸೆಣಸಲಿ, ಆದರೆ ಒಬ್ಬರನ್ನೊಬ್ಬರು ಗುದ್ದದಿರಲಿ. ಇದೇ 'ಪಪಾಯ ರೂಲ್ಸ್'.

2024ರ ಹಂಗೆರಿಯಲ್ಲಿ ಇದು ನ್ಯಾಯವಾಗಿಯೇ ನಡೆಯಿತು. ಮುಂದಿದ್ದವನು ಪಿಯಾಸ್ಟ್ರಿ, ಟೈರ್ ಬದಲಿಸಲು ತಂಡ ಮೊದಲು ಕರೆದದ್ದು ನಾರಿಸ್‌ನನ್ನು. ಹಾಗೆ ದಕ್ಕಿದ ಮುನ್ನಡೆಯನ್ನು ಅವನು, ರೇಡಿಯೊದಲ್ಲಿ ಬಹಳ ಹೊತ್ತು ಗೋಗರೆಸಿಕೊಂಡ ಮೇಲೆ, ಮರಳಿಸಿದ. ತಂಡ ತಾನೇ ಕದಲಿಸಿದ್ದನ್ನು ತಾನೇ ಸರಿಪಡಿಸಿತು.

2025ರಲ್ಲಿ ಇಟಲಿಯ ಮೊಂಜಾದ ಮಾತು ಬೇರೆ. ಅಲ್ಲಿಯೂ ಹಿಂದಿದ್ದ ಪಿಯಾಸ್ಟ್ರಿಯನ್ನೇ ಮೊದಲು ಒಳಕರೆದರು, ನಿಜ. ಆದರೆ ನಾರಿಸ್ ಎರಡನೇ ಸ್ಥಾನ ಕಳೆದುಕೊಂಡದ್ದು ಆ ಕಾರಣಕ್ಕಲ್ಲ. ಪಿಟ್‌ನಲ್ಲಿ ಅವನ ಮುಂದಿನ ಎಡಗಾಲಿ ಕೈಕೊಟ್ಟಿತು. ಸ್ಥಾನ ಬಿಟ್ಟುಕೊಡು ಎಂದಾಗ, ಪಿಟ್ ತಡವಾಗುವುದೂ ರೇಸಿನ ಭಾಗವೆಂದು ನಾವೇ ಒಪ್ಪಿದ್ದೆವಲ್ಲ ಎಂದು ಪಿಯಾಸ್ಟ್ರಿ ಕೇಳಿದ. ಕೇಳಿ, ಬಿಟ್ಟೂ ಕೊಟ್ಟ. ನನ್ನ ಮಟ್ಟಿಗೆ ಅವನ ಪ್ರಶ್ನೆಗೆ ಉತ್ತರವಿಲ್ಲ. ಮೆಕ್ಯಾನಿಕ್‌ನ ಗಾಲಿ ಬಿಗಿಯುವ ಗನ್ ತಡವರಿಸಿದ್ದಕ್ಕೆ ಪಕ್ಕದ ಚಾಲಕ ದಂಡ ತೆರಬೇಕಾದರೆ, ನಾಳೆ ಎಂಜಿನ್ ಕೆಟ್ಟರೂ ತೆರಬೇಕಾದೀತು. ಮೊಂಜಾಗೆ ವಾರದ ಹಿಂದಷ್ಟೇ ನೆದರ್ಲೆಂಡ್ಸಿನಲ್ಲಿ ನಾರಿಸ್‌ನ ಕಾರು ಕೆಟ್ಟು ನಿಂತಾಗ ಯಾರೂ ಯಾರಿಗೂ ಏನನ್ನೂ ಮರಳಿಸಲಿಲ್ಲ.

ತಂಡದ ಪರ ವಾದಿಸುವವರ ಕೈಯಲ್ಲಿ ಈಗ ದೊಡ್ಡ ಅಸ್ತ್ರವೇ ಇದೆ. ವರ್ಷದ ಕೊನೆಗೆ ನಾರಿಸ್ 423, ರೆಡ್ ಬುಲ್‌ನ ವೆರ್‌ಸ್ಟಾಪನ್ 421, ಪಿಯಾಸ್ಟ್ರಿ 410. ಮೊಂಜಾದ ಆ ಅದಲುಬದಲಿನಿಂದ ನಾರಿಸ್‌ಗೆ ಸಿಕ್ಕಿದ್ದು ಮೂರು ಪಾಯಿಂಟ್. ಉಳಿದದ್ದೆಲ್ಲ ಹಾಗೇ ನಡೆದಿದ್ದರೆ, ಅವಿಲ್ಲದೆ ಪಟ್ಟ ರೆಡ್ ಬುಲ್ ಪಾಲಾಗುತ್ತಿತ್ತು. ಲೆಕ್ಕ ಸರಿ, ಅದರಿಂದ ಎಳೆದ ತೀರ್ಮಾನ ಸರಿಯಲ್ಲ. ಮೊಂಜಾಗೆ ಬಂದಾಗ ಪಿಯಾಸ್ಟ್ರಿ ನಾರಿಸ್‌ಗಿಂತ 34, ವೆರ್‌ಸ್ಟಾಪನ್‌ಗಿಂತ 104 ಪಾಯಿಂಟ್ ಮುಂದಿದ್ದ. ಆ ದಿನ ಪಿಟ್ ಗೋಡೆಯ ಮೇಲೆ ಕೂತವರ ಕಣ್ಣಿಗೆ ವೆರ್‌ಸ್ಟಾಪನ್ ಪಟ್ಟದ ಎದುರಾಳಿಯೇ ಆಗಿರಲಿಲ್ಲ. ಕಡೆಗೆ ಕೈಹಿಡಿದದ್ದು ಅದೃಷ್ಟ. ಅದನ್ನು ದೂರದೃಷ್ಟಿಯ ಖಾತೆಗೆ ಜಮಾ ಮಾಡಲು ನಾನಂತೂ ತಯಾರಿಲ್ಲ.